ಹೆಬ್ಬೆಟ್ಟಿನ ಯಜಮಾನ

ಆ ದಿನ ವಿನೋದ ಹಲಸಿನ ಹಣ್ಣಿಗೆ ಕೈ ಹಾಕದೇ ಇದ್ದಿದ್ದರೆ ಅವನ ಸಂಸಾರ ಎಂದಿನಂತೆ ಸುಖವಾಗಿಯೇ ಸಾಗುತ್ತಿತ್ತು. ಸುಖವೆಂದರೆ ಅವನದ್ದು. ದುಡಿತ ಮಾತ್ರ ಮನೆಯ ಹೆಂಗಸರದ್ದು.

ಹೊನ್ನಾವರದ ಹತ್ತಿರ, ಶರಾವತಿ ಇನ್ನೇನು ಸಮುದ್ರ ಸೇರಬೇಕು ಎನ್ನುವಲ್ಲಿ, ಹೊಳೆಯ ಅಂಚಿಗೆ ಒತ್ತಿಕೊಂಡ ಕೇರಿಯಲ್ಲಿ ವಿನೋದನ ಮನೆ. ಮನೆಯಲ್ಲಿ ಹೆಂಡತಿ ಕಲ್ಪನಾ, ತಾಯಿ ಮಾಸ್ತಮ್ಮ. ಹೊಳೆಯ ನೀರು ಇಳಿದಾಗ ಅತ್ತೆ ಸೊಸೆ ಇಬ್ಬರೂ ಬುಟ್ಟಿ ಹಿಡಿದು ಕೆಸರಿಗೆ ಇಳಿದು ಬಳಚು ಹೆಕ್ಕುತ್ತಾರೆ. ಬಳಚು ಅಂದರೆ ಹೊಳೆಯ ಚಿಪ್ಪು. ಅದನ್ನು ಕೆಸರಿನೊಳಗೆ ಬೆರಳು ಆಡಿಸಿಯೇ ಹುಡುಕಬೇಕು. ಆಮೇಲೆ ಅಂಗಳದಲ್ಲಿ ಕೂತು ಒಂದೊಂದನ್ನೂ ಕತ್ತಿಯಿಂದ ಬಿಡಿಸಿ, ಮಾಂಸ ತೆಗೆದು, ಟೆಂಪೊದಲ್ಲಿ ಭಟ್ಕಳದ ಪೇಟೆಗೆ ಕಳಿಸಬೇಕು. ವರ್ಷಗಟ್ಟಲೆ ಇದೇ ಕೆಲಸ ಮಾಡಿ ಇಬ್ಬರ ಬೆರಳಿನ ಗೆರೆಗಳೂ ಸವೆದು ಹೋಗಿದ್ದವು. ಕಲ್ಪನಾಳ ಹೆಬ್ಬೆಟ್ಟು ಹೊಳೆಯಲ್ಲಿ ಉರುಳಿದ ಕಲ್ಲಿನ ಹಾಗೆ ನುಣ್ಣಗಾಗಿತ್ತು.

ನುಣ್ಣಗಾದರೆ ಯಾರಿಗೇನು ತೊಂದರೆ ಎಂದು ಎಲ್ಲರೂ ಸುಮ್ಮನಿದ್ದರು. ಅಷ್ಟರಲ್ಲಿ ರೇಶನ್ ಅಂಗಡಿಗೆ ಹೆಬ್ಬೆಟ್ಟಿನ ಮೆಷಿನ್ ಬಂತು. ಅದರ ಗಾಜಿನ ಮೇಲೆ ಬೆರಳಿಟ್ಟು, ಗೆರೆ ಹೊಂದಿದರೆ ಮಾತ್ರ ಅಕ್ಕಿ. ಕಲ್ಪನಾ ಬೆರಳಿಟ್ಟಳು, ಕೆಂಪು ದೀಪ. ಮಾಸ್ತಮ್ಮ ಇಟ್ಟಳು, ಮೆಷಿನ್ನಿಗೆ ತನ್ನ ಮೇಲೆ ಯಾರೋ ಬೆರಳು ಇಟ್ಟಿದ್ದಾರೆ ಎಂಬುದೇ ತಿಳಿಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಮಾಸ್ತಮ್ಮ ಗೊಣಗುತ್ತಿದ್ದಾಗ, ಚೀಲ ಹಿಡಿಯಲು ಬಂದಿದ್ದ ವಿನೋದ ಸುಮ್ಮನೆ ತನ್ನದೊಂದು ಬೆರಳು ಇಟ್ಟು ನೋಡಿದ. ಹಸಿರು ದೀಪ ಫಕ್ಕನೆ ಬಂತು!

ಅಂಗಡಿಯ ಕೃಷ್ಣಾನಂದ ಕನ್ನಡಕ ಮೇಲೇರಿಸಿ ಅವನ ಹೆಬ್ಬೆಟ್ಟನ್ನೇ ನೋಡಿದ. "ಎಂಥಾ ಹೆಬ್ಬೆಟ್ಟು ಮಾರಾಯಾ! ಅಚ್ಚು ಹಾಕಿದಂಗೆ ಅದೆ. ಈ ಕೇರಿಯಲ್ಲಿ ಇಂಥದ್ದು ನಾ ನೋಡಲೇ ಇಲ್ಲ."

ಇರಬೇಕಾದದ್ದೇ. ಆ ಹೆಬ್ಬೆಟ್ಟು ಹುಟ್ಟಿದಾಗ ಹೇಗಿತ್ತೋ ಹಾಗೇ ಇತ್ತು. ವಿನೋದ ದುಡಿಯಲು ಹೊರಡಲಿಲ್ಲ ಎನ್ನುವಂತಿಲ್ಲ. ಒಮ್ಮೆ ಬೋಟಿಗೆ ಹೋದ. ಬೋಟು ಅಳಿವೆ ದಾಟುವ ಮೊದಲೇ ಅವನಿಗೆ ವಾಂತಿ ಶುರುವಾಗಿ, ಮೀನಿಗೆ ಹೋದವರು ಅವನನ್ನು ಇಳಿಸಲು ದಡಕ್ಕೆ ಬರಬೇಕಾಯಿತು. ಕುಮಟೆಯ ಗೇರುಬೀಜದ ಕಾರ್ಖಾನೆಗೆ ಸೇರಿದ. ಅಲ್ಲಿ ಸೀನು ಹಿಡಿಯಿತು. ಭಟ್ಕಳದ ಬಟ್ಟೆ ಅಂಗಡಿಯಲ್ಲಿ ನಿಂತ. ಬಿಚ್ಚಿದ ಸೀರೆಯನ್ನು ಮತ್ತೆ ಮಡಚಲು ಬರದೆ ಸಂಜೆಯ ಹೊತ್ತಿಗೆ ಸೀರೆಗಳ ನಡುವೆಯೇ ಕಾಣೆಯಾದ. ಹೀಗೆ ಯಾವ ಕೆಲಸಕ್ಕೂ ಒಗ್ಗದವನನ್ನು ಒಂದು ಮೆಷಿನ್ ಮೊದಲ ಸಲಕ್ಕೇ ಒಪ್ಪಿಕೊಂಡಿತು. ಪಾಪ, ಅವನಿಗೆ ಎಷ್ಟು ಸಂತೋಷವಾಗಿತ್ತೆಂದರೆ ಮನೆಗೆ ಬರುವ ದಾರಿಯುದ್ದಕ್ಕೂ ಹೆಬ್ಬೆಟ್ಟನ್ನು ನೋಡಿಕೊಂಡೇ ನಡೆದು ಎರಡು ಸಲ ಎಡವಿದ.

ಅಂದಿನಿಂದ ಅವನ ದೆಸೆ ತಿರುಗಿತು. ಬಾವಿಯ ಹಗ್ಗ ಮುಟ್ಟಬೇಡ, ಬೆರಳು ತರಚೀತು. ಕಾಯಿ ಸುಲಿಯಬೇಡ. ಕತ್ತಿಯ ಹತ್ತಿರ ಸುಳಿಯಲೇಬೇಡ. ಮುಳ್ಳು ಚುಚ್ಚೀತೆಂದು ಮಾಸ್ತಮ್ಮ ಬಂಗಡೆ ಮೀನಿನ ಮುಳ್ಳು ಬಿಡಿಸಿ ಮಗನ ಬಟ್ಟಲಿಗೆ ಹಾಕುತ್ತಿದ್ದಳು. ಯಾರಾದರೂ "ಎಂತ ಕೆಲಸ ಮಾಡ್ತೆ ಈಗ?" ಎಂದು ಕೇಳಿದರೆ ವಿನೋದ ಗಂಭೀರವಾಗಿ, "ರೇಶನ್ ನಾನೇ ನೋಡ್ಕಳ್ಳೂದು" ಎನ್ನುತ್ತಿದ್ದ.

ಆದರೆ ಹೋದ ತಿಂಗಳು ಮೆಷಿನ್ ಸ್ವಲ್ಪ ತಡವರಿಸಿತ್ತು. ಮತ್ತೆ ಮತ್ತೆ ಒತ್ತಿದ ಮೇಲೆ ಹಸಿರು ಬಂದಿತ್ತು. ಅದನ್ನು ಕಲ್ಪನಾ ಮರೆತಿರಲಿಲ್ಲ. ಈ ತಿಂಗಳು ಮೆಷಿನ್ ಕೆಟ್ಟು, ನೆಟ್‌ವರ್ಕ್ ಹೋಗಿ, ಏನೇನೋ ಆಗಿ ತಿಂಗಳ ಕೊನೆಯ ದಿನವೇ ಬಂದುಬಿಟ್ಟಿತ್ತು. ಅಂದು ತರದಿದ್ದರೆ ಆ ತಿಂಗಳ ಅಕ್ಕಿ ಹೋದಂತೆಯೇ. ಮನೆಯ ಅಕ್ಕಿ ಡಬ್ಬಿಯಲ್ಲಿ ಸೇರು ಹಾಕಿದರೆ ತಳ ಕೆರೆಯುವ ಸದ್ದು ಬರುತ್ತಿತ್ತು.

ಬೆಳಿಗ್ಗೆ ಹೊಳೆಗೆ ಹೊರಡುವಾಗ ಕಲ್ಪನಾ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ನಿಂತು ಹೇಳಿದಳು. "ಹೋಯ್, ಇಲ್ಕೇಳಿ. ನಾವು ಬರೂತನಕ ಎಂತದೂ ಮುಟ್ಟಬೇಡಿ. ಬಂದವಳೇ ಅಂಗಡಿಗೆ ಹೋಗೂದು. ಹೆಬ್ಬೆಟ್ಟು ಬಂತು ಅಂದ್ರೆ ನೀವು ಹಿಂಗೇ ಕೂತು ಉಣ್ಣಿ, ನಾ ಒಂದು ಮಾತು ಆಡೂದಿಲ್ಲ. ಬರಲಿಲ್ಲ ಅಂದ್ರೆ ನಾಳೆಯಿಂದ ನೀವೂ ಬುಟ್ಟಿ ಹಿಡಿಯೂದೇ."

ಹೊಳೆಯ ಕೆಸರೆಂದರೆ ವಿನೋದನಿಗೆ ಹೇಸಿಗೆಗಿಂತ ಹೆಚ್ಚಾಗಿ ಹೆದರಿಕೆ. ಕಾಲಿಟ್ಟರೆ ಒಳಗಿನಿಂದ ಯಾರೋ ಎಳೆದ ಹಾಗಾಗುತ್ತದೆ ಎಂದು ಅವನು ಚಿಕ್ಕಂದಿನಿಂದ ಹೇಳುತ್ತಿದ್ದ. "ಮುಟ್ಟೂದಿಲ್ಲ ಮಾರಾಯ್ತಿ, ಕೈ ಕಟ್ಟಿಕೊಂಡೇ ಕೂತ್ಕಳ್ತೆ" ಎಂದ.

ಕೂತ. ಕೂತವನ ಎದುರಿಗೇ ಜಗುಲಿಯ ಮೂಲೆಯಲ್ಲಿ, ನಿನ್ನೆ ಪಕ್ಕದ ಮನೆ ಗಂಗಕ್ಕ ಕೊಟ್ಟ ಹಲಸಿನ ಹಣ್ಣು ಇತ್ತು. ಬಿಸಿಲೇರಿದ ಹಾಗೆ ಅದರ ಪರಿಮಳವೂ ಏರಿತು. ವಿನೋದ ಒಳಗೆ ಹೋಗಿ ಕೂತ. ಪರಿಮಳ ಹಿಂದೆಯೇ ಬಂತು. ಹಿತ್ತಲಿಗೆ ಹೋದ, ಅಲ್ಲಿಗೂ ಬಂತು. ಒಂದೇ ಒಂದು ತೊಳೆ ತಿಂದರೆ ಯಾವ ಗೆರೆ ಅಳಿಯುತ್ತದೆ ಎಂದು ಅವನಿಗೆ ಅನ್ನಿಸಿತು. ಕತ್ತಿ ಮುಟ್ಟಿದರೆ ತಾನೇ ತಪ್ಪು? ಪೂರಾ ಹಣ್ಣಾದ ಹಲಸು, ಕೈಯಲ್ಲೇ ಸೀಳಿತು.

ಹಲಸು ಬಿಡಿಸುವ ಮೊದಲು ಕೈಗೆ ಎಣ್ಣೆ ಸವರಬೇಕು ಎನ್ನುವುದು ಈ ಕರಾವಳಿಯಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಆದರೆ ಬಿಡಿಸಿದ ತೊಳೆಯನ್ನಷ್ಟೇ ಕಂಡವನಿಗೆ ಮೇಣದ ವಿಷಯ ಹೇಗೆ ತಿಳಿಯಬೇಕು? ನಾಲ್ಕು ತೊಳೆ ಬಾಯಿಗೆ ಹೋಗುವಷ್ಟರಲ್ಲಿ ಹತ್ತೂ ಬೆರಳು ಒಂದಕ್ಕೊಂದು ಅಂಟಿದವು. ಲುಂಗಿಗೆ ಒರೆಸಿದ, ಲುಂಗಿ ಅಂಟಿತು. ಗಾಬರಿಯಲ್ಲಿ ಅಲ್ಲೇ ಬಿದ್ದಿದ್ದ ಹಳೇ ಪೇಪರಿಗೆ ಒರೆಸಿದ. ಪೇಪರು ಹರಿದು, ರಾಶಿಭವಿಷ್ಯದ ತುಂಡೊಂದು ಹೆಬ್ಬೆಟ್ಟಿನ ಮೇಲೆ ಗಟ್ಟಿಯಾಗಿ ಕೂತಿತು. 'ಮಿಥುನ: ಕೈ ಹಾಕಿದ ಕಾರ್ಯ ಕೈಗೂಡುವುದು' ಎಂದಿತ್ತು.

"ಅಯ್ಯೋ ಅವ್ವಾ!" ಎಂದು ವಿನೋದ ಕೂಗಿದ ಕೂಗಿಗೆ ಬೇಲಿಯಾಚೆಯಿಂದ ದಾಸಣ್ಣನ ತಲೆ ಎದ್ದಿತು. ದಾಸಣ್ಣ ಹಿಂದೆ ಬೋಟಿನ ಡ್ರೈವರ್. ಈಗ ಬೋಟು ಬಿಟ್ಟು ಕೇರಿ ನಡೆಸುತ್ತಾನೆ.

"ಎಂತ ಆತು ತಮಾ? ಹಾವು ಬಂತಾ?"

"ಹಾವು ಬಂದಿದ್ರೆ ಅಡ್ಡಿಲ್ಲಾಗಿತ್ತು ದಾಸಣ್ಣಾ. ಮೇಣ! ಹೆಬ್ಬೆಟ್ಟಿಗೆ ಮೇಣ!"

ದಾಸಣ್ಣ ಬಂದು ನೋಡಿದ. ಬೋಟಿನ ಇಂಜಿನ್ ನೋಡುವ ಹಾಗೆಯೇ, ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ ನೋಡಿದ. "ಇದಕ್ಕೆಂತ ಹೆದರೂದು? ಇಂಜಿನ್ನಿಗೆ ಗ್ರೀಸ್ ಹಿಡಿದ್ರೆ ನಾವು ಎಂತ ಮಾಡ್ತಿದ್ವು? ಡೀಸೆಲ್."

"ಡೀಸೆಲ್ಲಾ?"

"ಡೀಸೆಲ್. ಈಗ ತಂದೆ ನೋಡು."

ಹೋದವನು ಬಾಟಲಿಯಲ್ಲಿ ಡೀಸೆಲ್ಲನ್ನೂ ಹಳೇ ಬಲೆಯ ತುಂಡೊಂದನ್ನೂ ತಂದ. ವಿನೋದ ಬೇಡ ಎನ್ನುವುದೋ ಬೇಕು ಎನ್ನುವುದೋ ತಿಳಿಯದೆ ಕೈ ಚಾಚಿದ. ದಾಸಣ್ಣ ಬಲೆಯಿಂದ ತಿಕ್ಕಿದ ರಭಸಕ್ಕೆ ಮೇಣವೂ ಹೋಯಿತು, ಮಿಥುನ ರಾಶಿಯೂ ಹೋಯಿತು. ಬೆರಳುಗಳು ಮಾತ್ರ ಕಪ್ಪಗೆ, ಈಗಷ್ಟೇ ಗ್ಯಾರೇಜಿನಿಂದ ಬಂದ ಹಾಗೆ ಕಂಡವು.

ವಾಸನೆ ಹಿಡಿದು ಗಂಗಕ್ಕ ಬಂದಳು. "ಎಂತ ಡೀಸೆಲ್ ಹಾಕೂದು! ಬುದ್ಧಿ ಅದ್ಯಾ ನಿಂಗೆ ದಾಸಾ? ಆ ಮೆಷಿನ್ನು ಡೀಸೆಲ್ಲಿಂದಲ್ಲ, ಕರೆಂಟಿಂದ ನಡೆಯೂದು. ಕರೆಂಟಿನ ಗಾಜಿಗೆ ಈ ಜಿಡ್ಡು ತಾಗಿಸಿದ್ರೆ ಅದು ಕಣ್ಣು ಬಿಡ್ತದ್ಯಾ? ಬಾ ಇಲ್ಲಿ ವಿನೋದಾ, ನಾ ಸಮಾ ಮಾಡ್ತೆ."

ಹಬ್ಬದ ಮುಂಚಿನ ದಿನ ತಾಮ್ರದ ಹಂಡೆ ಬೆಳಗುವುದರಲ್ಲಿ ಗಂಗಕ್ಕನನ್ನು ಮೀರಿಸಿದವರಿಲ್ಲ. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು. ವಿನೋದನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದಳು. ಗಂಗಕ್ಕ ಪಕ್ಷಪಾತ ಮಾಡುವವಳಲ್ಲ. ಹತ್ತೂ ಬೆರಳನ್ನು ಒಂದೇ ಸಮ ಬೆಳಗಿದಳು. "ಸಾಕು ಗಂಗಕ್ಕಾ, ಉರಿತದೆ, ಸಾಕು!" ಎಂದು ವಿನೋದ ಕುಣಿದ. "ಉರಿದ್ರೆ ಹೊಳಪು ಬತ್ತಾ ಅದೆ ಅಂತ" ಎಂದು ಅವಳು ಇನ್ನೊಂದು ಹಿಡಿ ಬೂದಿ ಹಾಕಿದಳು.

ಬೆಳಗಿ ಮುಗಿಸಿ ನೀರು ಹಾಕಿದಾಗ ಬೆರಳುಗಳು ಕೆಂಪಗೆ ಫಳಫಳ ಹೊಳೆಯುತ್ತಿದ್ದವು. ದಾಸಣ್ಣ ಅವನ ಹೆಬ್ಬೆಟ್ಟನ್ನು ಹಿಡಿದು ಸೂರ್ಯನ ಬೆಳಕಿಗೆ ಎತ್ತಿದ.

"ಗೆರೆ ಎಲ್ಲಿ?"

"ಅದೆ, ಸಮಾ ನೋಡು" ಎಂದಳು ಗಂಗಕ್ಕ.

"ಎಲ್ಲದೆ? ಗೋಡೆಗೆ ಬಣ್ಣ ಹೊಡೆದಂಗೆ ಕಾಣ್ತದೆ."

"ನಿನ್ನ ಕಣ್ಣಿಗೆ ಪೊರೆ ಬಂದದೆ. ನಂಗೆ ಕಾಣ್ತದೆ."

"ಅಕ್ಕಿ ಕೊಡೂದು ನೀನಲ್ಲ, ಮೆಷಿನ್ನು. ಅದಕ್ಕೆ ಕಾಣಬೇಕು!"

ನಡುವೆ ವಿನೋದ ಒಮ್ಮೆ ಇವನ ಮುಖ ಒಮ್ಮೆ ಅವಳ ಮುಖ ನೋಡುತ್ತ, ತನ್ನ ಬೆರಳು ಈಗ ತನ್ನದೋ ಕೇರಿಯದ್ದೋ ಎಂದು ತಿಳಿಯದೆ ನಿಂತಿದ್ದ. ಜಗಳದ ಸದ್ದಿಗೆ ಗಂಗಕ್ಕನ ಸೊಸೆ ಅರ್ಚಿತಾ ಹೊರಗೆ ಬಂದಳು. ಅವಳು ಹೊನ್ನಾವರದಲ್ಲಿ ಕಂಪ್ಯೂಟರ್ ಕಲಿಸುವವಳು. ಮೆಷಿನ್ನಿನ ವಿಷಯ ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

"ಅತ್ತೆ, ಹೀಗೆಲ್ಲ ಉಜ್ಜಬಾರ್ದಿತ್ತು. ಅದು ಸೆನ್ಸರ್. ಚರ್ಮದ ಏರು ತಗ್ಗು ನೋಡಿ ಗುರುತು ಹಿಡೀತದೆ. ಚರ್ಮ ಪೂರಾ ಒಣಗಿದ್ರೂ ಬರೂದಿಲ್ಲ, ಒದ್ದೆ ಇದ್ರೂ ಬರೂದಿಲ್ಲ. ಸ್ವಲ್ಪವೇ ಸ್ವಲ್ಪ ಪಸೆ ಇರಬೇಕು. ಈಗ ಏನೂ ಮಾಡದೆ ಹಾಗೇ ಬಿಟ್ಟುಬಿಡಿ."

ಇಷ್ಟು ಹೇಳಿ ಅವಳು ಹೊನ್ನಾವರದ ಬಸ್ಸಿಗೆ ಹೊರಟಳು. 'ಏನೂ ಮಾಡದೆ' ಎನ್ನುವ ಮಾತು ಮಾತ್ರ ಯಾರ ತಲೆಗೂ ಹೋಗಲಿಲ್ಲ. ಸುಮ್ಮನೆ ಕೂರುವುದೆಂದರೆ ದಾಸಣ್ಣನಿಗೂ ಗಂಗಕ್ಕನಿಗೂ ಹೊಟ್ಟೆನೋವು ಬಂದಂತೆ. ಪಸೆ ಬೇಕು ಎಂದಳಲ್ಲ ಎಂದು ಗಂಗಕ್ಕ ಕೊಬ್ಬರಿ ಎಣ್ಣೆ ಹಚ್ಚಿದಳು. ಒದ್ದೆ ಇರಬಾರದು ಎಂದಳಲ್ಲ ಎಂದು ದಾಸಣ್ಣ ಅದರ ಮೇಲೆ ಪೌಡರ್ ಹಾಕಿದ. ಎಣ್ಣೆ ಪೌಡರು ಸೇರಿ ಹಿಟ್ಟಾಯಿತು. ಹಿಟ್ಟು ಹೋಗಲೆಂದು ಅಕ್ಕಿ ತೊಳೆದ ಅಕ್ಕಚ್ಚಿನ ಬೋಗುಣಿಯಲ್ಲಿ ಅವನ ಕೈಗಳನ್ನು ಅದ್ದಿಸಿ ಕೂರಿಸಿದರು. ಮಾತಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೈ ಹೊರಗೆ ತೆಗೆದಾಗ ಬೆರಳುಗಳೆಲ್ಲ ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿದ್ದವು.

ದಾಸಣ್ಣನ ಮುಖ ಅರಳಿತು. "ನೋಡಾ! ಗೆರೆ ಇಲ್ಲ ಅಂತಿದ್ದೆ, ಈಗ ಬೇಕಾದಷ್ಟು ಬಂದದೆ. ಮೊದಲಿಗಿಂತ ಜಾಸ್ತಿನೇ ಅದೆ."

ವಿನೋದನಿಗೂ ಒಂದು ಕ್ಷಣ ಹೌದೇನೋ ಅನ್ನಿಸಿತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯೇ.

ಅಷ್ಟರಲ್ಲಿ ಕಲ್ಪನಾ, ಮಾಸ್ತಮ್ಮ ಬಳಚಿನ ಬುಟ್ಟಿ ಹೊತ್ತು ಬಂದರು. ಕಲ್ಪನಾ ಅಂಗಳದಲ್ಲೇ ನಿಂತು ಮೂಗು ಅರಳಿಸಿದಳು. "ಎಂತ ವಾಸನೆ ಇದು? ಬೋಟು ಏನಾದ್ರೂ ಮನೆಗೇ ಬಂತಾ?"

ಅವಳ ಕಣ್ಣು ಸೀಳಿದ ಹಲಸಿನ ಮೇಲೆ, ಡೀಸೆಲ್ ಬಾಟಲಿಯ ಮೇಲೆ, ಬೂದಿಯ ಮೇಲೆ, ಪೌಡರ್ ಡಬ್ಬಿಯ ಮೇಲೆ ಹರಿದು ಕೊನೆಗೆ ಗಂಡನ ಕೈಗೆ ಬಂದು ನಿಂತಿತು. ಅವಳು ಕೂಗಾಡಿದ್ದರೆ ವಿನೋದನಿಗೆ ಸಮಾಧಾನವಾಗುತ್ತಿತ್ತು. ಅವಳು ಬುಟ್ಟಿ ಇಳಿಸಿ, ರೇಶನ್ ಕಾರ್ಡೂ ಚೀಲವೂ ತಂದು, "ನಡೀರಿ" ಎಂದಳು. ಅಷ್ಟೇ.

"ಒಂದು ತೊಳೆ ತಿನ್ನಬೇಕು ಅನ್ನಿಸ್ತು..." ಎಂದ ವಿನೋದ.

"ತಿಂದ್ರಲ್ಲ. ನಡೀರಿ."

ಮಾಸ್ತಮ್ಮ ಮಗನ ಹೆಬ್ಬೆಟ್ಟಿಗೆ ಇನ್ನೇನೂ ತಾಗದಿರಲಿ ಎಂದು ಅವನ ಕೈಯನ್ನು ಮೇಲಕ್ಕೆ ಎತ್ತಿಸಿದಳು. ವಿನೋದ ಹೆಬ್ಬೆಟ್ಟು ಮೇಲೆ ಮಾಡಿಕೊಂಡು ಹೈವೇ ಬದಿಯಲ್ಲಿ ನಡೆದ. ಹಿಂದೆ ಕಲ್ಪನಾ, ಮಾಸ್ತಮ್ಮ, ದಾಸಣ್ಣ, ಗಂಗಕ್ಕ. ಶಿರಾಲಿ ಕಡೆ ಹೋಗುವ ಟೆಂಪೊ ಒಂದು ಗಕ್ಕನೆ ನಿಂತಿತು. "ಎಲ್ಲಿಗೆ? ಹತ್ತಿ ಬೇಗ" ಎಂದ ಡ್ರೈವರ್. ಇಲ್ಲ ಎಂದು ಹೇಳಿ ಕಳಿಸುವಷ್ಟರಲ್ಲಿ ಒಂದು ಬೈಕು ನಿಂತಿತು. ಆಮೇಲೆ ಒಂದು ಕಾರು. "ಕೈ ಕೆಳಗೆ ಹಾಕು ಮಾರಾಯಾ, ಊರೆಲ್ಲ ಲಿಫ್ಟ್ ಕೊಡ್ತದೆ" ಎಂದ ದಾಸಣ್ಣ. "ಕೆಳಗೆ ಹಾಕಬೇಡ, ಧೂಳು ಕೂರ್ತದೆ" ಎಂದಳು ಮಾಸ್ತಮ್ಮ. ವಿನೋದ ಕೈಯನ್ನು ಮೇಲೂ ಅಲ್ಲದ ಕೆಳಗೂ ಅಲ್ಲದ ಎತ್ತರದಲ್ಲಿ ಹಿಡಿದು ನಡೆದ.

ರೇಶನ್ ಅಂಗಡಿಯ ಎದುರು ಕೊನೆಯ ದಿನದ ಸಾಲು ಉದ್ದಕ್ಕೆ ಇತ್ತು. ಕೃಷ್ಣಾನಂದ ವಿನೋದನನ್ನು ಕಂಡವನೇ ನಕ್ಕ. "ಬಂದ ನೋಡಿ ನಮ್ಮ ಅಚ್ಚಿನ ಹೆಬ್ಬೆಟ್ಟು! ಇವ ಬಂದ್ರೆ ನಂಗೆ ತಲೆಬಿಸಿ ಇಲ್ಲ."

ವಿನೋದ ದೇವರನ್ನು ನೆನೆದು ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟ. ಮೆಷಿನ್ ಗುಂಯ್ ಎಂದಿತು. ಕೆಂಪು.

"ಮುನ್ನೂರು ಅಂತ ಬಂತು" ಎಂದ ಕೃಷ್ಣಾನಂದ.

"ಮುನ್ನೂರು ಅಂದ್ರೆ ಎಂತದು?" ಎಂದ ವಿನೋದ.

"ಅದು ಅದಕ್ಕೇ ಗೊತ್ತು. ನಂಗೆ ಗೊತ್ತಿರೂದು ಇಷ್ಟೇ. ಮುನ್ನೂರು ಬಂದ್ರೆ ಅಕ್ಕಿ ಇಲ್ಲ."

ಮತ್ತೆ ಇಟ್ಟ. ಮುನ್ನೂರು. ಒತ್ತಿ ಇಟ್ಟ. ಮುನ್ನೂರು. ಮೆಲ್ಲಗೆ ತಾಗಿಸಿದ. ಮುನ್ನೂರು. ಸಾಲಿನಲ್ಲಿದ್ದವರಿಗೆ ಕಾದು ಕಾದು ಬೇಸರವಾಗಿತ್ತು. ಉಪಚಾರ ಹೇಳಲು ಒಬ್ಬ ರೋಗಿ ಸಿಕ್ಕಿದ. ತಲೆಗೂದಲಿಗೆ ಉಜ್ಜು ಎಂದರು ಒಬ್ಬರು. ಬಾಯಿಂದ ಬಿಸಿ ಗಾಳಿ ಊದು ಎಂದರು ಇನ್ನೊಬ್ಬರು. ಬೇರೆ ಬೆರಳು ಇಡು ಎಂದು ಮತ್ತೊಬ್ಬರು. ಬೇರೆ ಬೆರಳುಗಳೂ ಗಂಗಕ್ಕನ ಕೈ ಹಾದು ಬಂದವೇ. ತೋರುಬೆರಳಿಂದ ಕಿರುಬೆರಳವರೆಗೆ, ಬಲಗೈ ಎಡಗೈ ಎಲ್ಲ ಇಟ್ಟು ಆಯಿತು. ಮೆಷಿನ್ ಎಲ್ಲವನ್ನೂ ಒಂದೇ ಮಾತಿನಲ್ಲಿ ತಿರಸ್ಕರಿಸಿತು.

"ಮೊಬೈಲಿಗೆ ಓಟಿಪಿ ಕಳಿಸಿದ್ರೆ ಆಗ್ತದೆ, ನಂಬರ್ ಯಾವುದು?" ಎಂದ ಕೃಷ್ಣಾನಂದ.

"ಕಾರ್ಡಿಗೆ ಕೊಟ್ಟ ನಂಬರಿನ ಮೊಬೈಲು ಹೊಳೆಯಲ್ಲಿ ಅದೆ" ಎಂದಳು ಕಲ್ಪನಾ. "ದೋಣಿಯಲ್ಲಿ ಕೂತು ಸೆಲ್ಫಿ ತೆಗೆಯೂಕೆ ಹೋಗಿ ಇವರೇ ಬಿಟ್ಟದ್ದು."

"ಹಂಗಾರೆ ಓಟಿಪಿ ಮೀನಿಗೆ ಹೋಗ್ತದೆ" ಎಂದ ದಾಸಣ್ಣ. ಯಾರೂ ನಗಲಿಲ್ಲ ಎನ್ನುವುದು ಅವನ ಗಮನಕ್ಕೆ ಬರಲಿಲ್ಲ.

ಅವರನ್ನು ಬದಿಗೆ ಕೂರಿಸಿ ಕೃಷ್ಣಾನಂದ ಉಳಿದವರ ಕೆಲಸ ಮುಗಿಸತೊಡಗಿದ. "ಸುಕ್ಕು ಇಳಿಯಲಿ, ಆಮೇಲೆ ನೋಡುವ" ಎಂದ. ಆ ಹೊತ್ತಿಗೇ ಸರ್ವರ್ ಹೋಯಿತು. ಅದು ಬರುವಷ್ಟರಲ್ಲಿ ಕರೆಂಟು ಹೋಯಿತು. ವಿನೋದ ಅಕ್ಕಿ ಚೀಲಗಳ ನಡುವೆ ಕೈ ಚಾಚಿಕೊಂಡು ಕೂತ. ಯಾವುದನ್ನೂ ಮುಟ್ಟುವಂತಿಲ್ಲ. ಬೆನ್ನು ತುರಿಸಿದರೆ ಗಂಗಕ್ಕನಿಗೆ ಹೇಳಬೇಕು. ಎದುರಿನ ಅಂಗಡಿಯಿಂದ ಚಾ ಬಂದಾಗ ಮಾಸ್ತಮ್ಮ ಗ್ಲಾಸು ಹಿಡಿದು ಕುಡಿಸಿದಳು. ಮೀಸೆ ಬಂದ ಮಗ ತಾಯಿಯ ಕೈಯಿಂದ ಚಾ ಕುಡಿಯುವುದನ್ನು ಸಾಲಿನವರೆಲ್ಲ ಕಣ್ತುಂಬ ನೋಡಿದರು. ನಾಚಿಕೆಯಿಂದ ಅವನು ಅಕ್ಕಿ ಚೀಲಗಳ ಕಡೆ ಮುಖ ತಿರುಗಿಸಿದ.

ಆದರೆ ನಾಚಿಕೆಗಿಂತ ದೊಡ್ಡದು ಭಯ. ಕಲ್ಪನಾ ಏನೂ ಆಡದೆ ರಸ್ತೆಯ ಕಡೆ ನೋಡುತ್ತಿದ್ದಳು. ಅವಳು ಮನಸ್ಸಿನಲ್ಲಿ ಗಂಡನಿಗೊಂದು ಬುಟ್ಟಿ ಆರಿಸುತ್ತಿದ್ದಾಳೆ ಎಂದು ವಿನೋದನಿಗೆ ಖಾತ್ರಿಯಾಯಿತು. ಕೆಸರು ನೆನಪಾಗಿ ಅವನು ಕಾಲು ಮಡಚಿಕೊಂಡ. ಅದಕ್ಕಿಂತಲೂ, ನಾಳೆ ಯಾರಾದರೂ 'ಎಂತ ಮಾಡ್ತೆ' ಎಂದು ಕೇಳಿದರೆ ಏನು ಹೇಳಲಿ ಎನ್ನುವ ಸಂಕಟ. ಇಷ್ಟು ವರ್ಷದಲ್ಲಿ ಮನೆಗೆ ಅವನಿಂದ ಆದ ಉಪಕಾರ ಈ ಹೆಬ್ಬೆಟ್ಟೊಂದೇ ಆಗಿತ್ತು. ಅದೂ ಕೈ ಕೊಟ್ಟಿತ್ತು.

ಹೊತ್ತು ಇಳಿಯಿತು. ಕರೆಂಟು ಬಂತು, ಸರ್ವರ್ ಬಂತು. ಸಾಲು ಕರಗಿತು. ವಿನೋದ ಎದ್ದು ಹೆಬ್ಬೆಟ್ಟು ಇಟ್ಟ.

ಕೆಂಪು.

"ಮುನ್ನೂರು" ಎಂದ ಕೃಷ್ಣಾನಂದ. ಈ ಸಲ ಅವನ ದನಿಯಲ್ಲೂ ನೋವಿತ್ತು. "ನಾ ಎಂತ ಮಾಡಲಿ ಹೇಳು? ನನ್ನ ಕೈಯಲ್ಲಿ ಎಂತದೂ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಈ ತಿಂಗಳದ್ದು ಬಂದ್ ಆಗ್ತದೆ."

ಅಷ್ಟರಲ್ಲಿ ಹೊನ್ನಾವರದಿಂದ ಬಸ್ಸಿಳಿದು ಮನೆಗೆ ಹೊರಟಿದ್ದ ಅರ್ಚಿತಾ, ಅತ್ತೆಯನ್ನು ಅಂಗಡಿಯಲ್ಲಿ ಕಂಡು ಒಳಗೆ ಬಂದಳು. ವಿಷಯ ಕೇಳಿದವಳ ಕಣ್ಣು ಕೃಷ್ಣಾನಂದನ ಬೆನ್ನ ಹಿಂದೆ, ಟೇಬಲ್ ಫ್ಯಾನಿನ ಅಡಿಗೆ ಎತ್ತರಕ್ಕೆಂದು ಇಟ್ಟಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಬಿತ್ತು.

"ಅಣ್ಣಾ, ಆ ಪೆಟ್ಟಿಗೆಯಲ್ಲಿ ಎಂತದು?"

"ಅದಾ? ಮೊನ್ನೆ ಕೊಟ್ಟು ಹೋದ್ರು. ಹೊಸದಂತೆ. ಬರೆದದ್ದೆಲ್ಲ ಇಂಗ್ಲಿಷಲ್ಲಿ ಅದೆ, ನಾ ಬಿಚ್ಚಲೇ ಇಲ್ಲ. ಫ್ಯಾನಿಗೆ ಸಮಾ ಆತು ಅಂತ ಇಟ್ಟೆ."

ಅರ್ಚಿತಾ ಫ್ಯಾನು ಇಳಿಸಿ ಪೆಟ್ಟಿಗೆ ಬಿಚ್ಚಿದಳು. ಒಳಗೆ ದುರ್ಬೀನಿನಂಥ ಒಂದು ಕಪ್ಪು ಸಾಮಾನು, ಅದಕ್ಕೊಂದು ಬಾಲದಂಥ ವೈರು. ವೈರನ್ನು ಮೆಷಿನ್ನಿಗೆ ಚುಚ್ಚಿ ಏನೇನೋ ಒತ್ತಿದಳು. ದುರ್ಬೀನಿನಲ್ಲಿ ಸಣ್ಣ ದೀಪ ಹತ್ತಿತು. "ಇದು ಕಣ್ಣು ನೋಡೂದು. ಬೆರಳು ಬರದವರಿಗೆ ಇದೇ ಸಾಕು. ಕಣ್ಣೊಳಗಿನ ಗೆರೆ ಕೆಸರಲ್ಲಿ ಸವೆಯೂದಿಲ್ಲ, ಡೀಸೆಲ್ ಹಾಕಿ ತಿಕ್ಕೂಕೂ ಬರೂದಿಲ್ಲ."

ಗಂಗಕ್ಕನೂ ದಾಸಣ್ಣನೂ ಬೇರೆ ಬೇರೆ ಕಡೆ ನೋಡಿದರು.

ವಿನೋದನ ಮೈಗೆ ಜೀವ ಬಂತು. ಹೆಬ್ಬೆಟ್ಟು ಹೋದರೇನು, ಕಣ್ಣಿಲ್ಲವೇ? ಯಾರೂ ಕರೆಯುವ ಮೊದಲೇ ಅವನು ದುರ್ಬೀನಿಗೆ ಮುಖ ಕೊಟ್ಟ. "ಕಣ್ಣನ್ನು ಅಗಲವಾಗಿ ತೆರೆಯಿರಿ" ಎಂದಿತು ಮೆಷಿನ್, ಹೆಣ್ಣು ದನಿಯಲ್ಲಿ. ಅವನು ತೆರೆದ. ತೆರೆದದ್ದು ತಾನಾಗಿಯೇ ಮುಚ್ಚಿತು. "ಕಣ್ಣನ್ನು ಅಗಲವಾಗಿ ತೆರೆಯಿರಿ." ಮತ್ತೆ ತೆರೆದ, ರೆಪ್ಪೆ ಪಟಪಟ ಬಡಿಯಿತು. ಮಧ್ಯಾಹ್ನದಿಂದ ಸಂಜೆಯವರೆಗೆ ಮುಚ್ಚಿಯೇ ರೂಢಿಯಾದ ಕಣ್ಣು. ಇವತ್ತಿನ ನಿದ್ದೆ ಬೇರೆ ಬಾಕಿ ಇತ್ತು. ದಾಸಣ್ಣ ಹಿಂದಿನಿಂದ ಬಂದು ಎರಡು ಬೆರಳಿನಿಂದ ಅವನ ರೆಪ್ಪೆ ಎತ್ತಿ ಹಿಡಿದ. ಆ ಬೆರಳಿನಲ್ಲಿ ಇನ್ನೂ ಡೀಸೆಲ್ ಇತ್ತು. ವಿನೋದ ಕಿರುಚಿ ಹಿಂದೆ ಹಾರಿ ಸಕ್ಕರೆ ಮೂಟೆಯ ಮೇಲೆ ಬಿದ್ದ.

"ಸಾಕು ಏಳಿ" ಎಂದಳು ಕಲ್ಪನಾ. "ನಾ ನೋಡ್ತೆ."

ಅವಳು ದುರ್ಬೀನನ್ನು ಎತ್ತಿ ಕಣ್ಣಿಗೆ ಹಿಡಿದಳು. ಬಿಸಿಲಿಗೆ ಮಿರಿಮಿರಿ ಹೊಳೆಯುವ ನೀರಿನಲ್ಲಿ ರೆಪ್ಪೆ ಮಿಟುಕಿಸದೆ ಬಳಚಿನ ಸುಳಿವು ಕೊಡುವ ಕೆಸರಿನ ಗುಳ್ಳೆ ಹುಡುಕುವ ಕಣ್ಣು ಅದು. ಮೆಷಿನ್ ಅವಳಿಗೆ ತೆರೆಯಿರಿ ಮುಚ್ಚಿರಿ ಎಂದು ಏನನ್ನೂ ಹೇಳಲಿಲ್ಲ. ಟಿಣ್ ಎಂದಿತು. ಹಸಿರು.

"ಬಂತು! ಬಂತು!" ಎಂದು ಗಂಗಕ್ಕ ಚಪ್ಪಾಳೆ ತಟ್ಟಿದಳು. ಕೃಷ್ಣಾನಂದ ಅವಸರದಲ್ಲಿ ಅಕ್ಕಿ ತೂಗಿದ. ಮಾಸ್ತಮ್ಮ ಸೊಸೆಯ ಗಲ್ಲ ಮುಟ್ಟಿ ನೆಟಿಗೆ ಮುರಿದಳು. ಎಲ್ಲರಿಗಿಂತ ಹೆಚ್ಚು ಕುಣಿದವನು ವಿನೋದ. ಒಂದು ಕಣ್ಣಿನಿಂದ ನೀರು ಸುರಿಯುತ್ತಿದ್ದರೂ ಇನ್ನೊಂದರಲ್ಲಿ ನಗುತ್ತಿದ್ದ. ಅಕ್ಕಿ ಸಿಕ್ಕಿತು, ಗಂಡಾಂತರ ಕಳೆಯಿತು. ಇನ್ನು ಬುಟ್ಟಿಯ ಮಾತೇ ಇಲ್ಲ.

"ಹಂಗಾರೆ ಕೃಷ್ಣಾನಂದಣ್ಣಾ" ಎಂದಳು ಕಲ್ಪನಾ, ಚೀಲದ ಬಾಯಿ ಕಟ್ಟುತ್ತ, "ಮುಂದಿನ ತಿಂಗಳೂ ನಾ ಬಂದು ಕಣ್ಣು ತೋರಿಸಿದ್ರೆ ಆತಲ್ಲ?"

"ಧಾರಾಳ ಆತು. ಇನ್ನು ನಿಂಗೆ ಹೆಬ್ಬೆಟ್ಟಿನ ಹಂಗೇ ಇಲ್ಲ."

"ಇವರದ್ದೂ ಬೇಡ?"

"ಯಾರದ್ದೂ ಬೇಡ."

ವಿನೋದನ ನಗು ಬಾಯಲ್ಲೇ ಉಳಿಯಿತು. ಈಗ ಏನಾಯಿತು ಎನ್ನುವುದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ಹೆಬ್ಬೆಟ್ಟು ಬಂದರೆ ಕೂತು ಉಣ್ಣುವುದು, ಬರದಿದ್ದರೆ ಹೊಳೆ. ಇದು ಅವನಿಗೆ ಗೊತ್ತಿತ್ತು. ಹೆಬ್ಬೆಟ್ಟೇ ಯಾರಿಗೂ ಬೇಡವಾದರೆ? ಆ ದಾರಿಯನ್ನು ಅವನು ಯೋಚಿಸಿಯೇ ಇರಲಿಲ್ಲ.

"ತಡೀರಿ ತಡೀರಿ" ಎಂದು ಅವನು ಮೆಷಿನ್ನಿನ ಹತ್ತಿರ ಓಡಿದ. "ಹಂಗೆಲ್ಲ ಬಿಡೂಕೆ ಬರೂದಿಲ್ಲ. ಕರೆಂಟು ಹೋಗ್ತದೆ, ದುರ್ಬೀನು ಹಾಳಾಗ್ತದೆ. ಮನೆಗೊಂದು ಹೆಬ್ಬೆಟ್ಟು ಇರಬೇಕು. ಇನ್ನೊಂದು ಸಲ ನೋಡಿ, ಒಂದೇ ಸಲ!"

ಕೃಷ್ಣಾನಂದನಿಗೆ ಕನಿಕರವಾಯಿತು. ಕಾರ್ಡಿನ ನಂಬರು ಒತ್ತಿ, "ಇಡು" ಎಂದ. ದಿನವಿಡೀ ಬೆವೆತು ಬೆವೆತು ಆ ಬೆರಳಿಗೆ ಅರ್ಚಿತಾ ಹೇಳಿದಷ್ಟೇ ಪಸೆ ಬಂದಿತ್ತೋ ಏನೋ, ವಿನೋದ ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟದ್ದೇ ತಡ, ಫಕ್ಕನೆ ಹಸಿರು ಹತ್ತಿತು.

"ಬಂತು! ನೋಡಿದ್ರಾ, ಬಂತು!" ವಿನೋದ ಎರಡೂ ಕೈ ಎತ್ತಿದ.

"ಈ ತಿಂಗಳ ಪಡಿತರವನ್ನು ಈಗಾಗಲೇ ಪಡೆದಿದ್ದೀರಿ, ಧನ್ಯವಾದ" ಎಂದಿತು ಮೆಷಿನ್.

ಕಲ್ಪನಾ ಹತ್ತಿರ ಬಂದು ಗಂಡನ ಕೈ ಹಿಡಿದು, ಬೆಳಗಿ ಹೊಳೆಯುತ್ತಿದ್ದ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ದಿನವಿಡೀ ನಗದಿದ್ದವಳು ಈಗ ನಕ್ಕಳು.

"ಎಂಥಾ ಗಟ್ಟಿ ಕೈ! ಬೂದಿ, ನಾರು, ಡೀಸೆಲ್ಲು ಎಲ್ಲ ಹಾಕಿ ತಿಕ್ಕಿದ್ರೂ ಎಂತದೂ ಆಗಲಿಲ್ಲ ನೋಡಿ. ಕೆಸರು ಯಾವ ಲೆಕ್ಕ? ನಾಳೆ ಹೊಳೆಯ ಇಳಿತ ಬೇಗ ಅದೆ, ಬೆಳಕು ಹರಿಯೂಕೆ ಮೊದಲೇ ಏಳಬೇಕು."

ಹಾಗೆಂದು ಅಕ್ಕಿಯ ಚೀಲ ಎತ್ತಿ ಅವನ ಹೆಗಲ ಮೇಲೆ ಇಟ್ಟಳು.